ಕರಿಬೇವಿನ ಹುಳು, ಪಿಕಳಾರದ ಮರಿ

ಸಾಗರದ ಹತ್ತಿರದ ಹಳ್ಳಿಯಿಂದ ಬರೆದ ಅಕ್ಕನವರಿಗೆ ನಮಸ್ಕಾರ.

ಹಿತ್ತಲಿನ ಕರಿಬೇವಿನ ಗಿಡವನ್ನು ಹುಳು ಬೋಳಿಸುತ್ತಿದೆ, ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ದಾಸವಾಳದ ಬುಡದಲ್ಲಿ ಕೂತಿದ್ದ ಪಿಕಳಾರದ ಮರಿಯನ್ನು ಮಕ್ಕಳು ಒಳಗೆ ತಂದು ಹಾಲು ಕುಡಿಸಿದರು, ಮಾರನೇ ದಿನ ಅದು ಸತ್ತುಹೋಯಿತು ಅಂತಲೂ ಬರೆದಿದ್ದೀರಿ.

ಮೊದಲು ಮರಿಯ ವಿಷಯ. ಮಕ್ಕಳನ್ನು ಬೈಯಬೇಡಿ, ಪ್ರೀತಿಯಿಂದಲೇ ಮಾಡಿದ್ದಾರೆ. ಆದರೆ ಮೈತುಂಬ ಪುಕ್ಕ ಇತ್ತು, ಬಾಲ ಮಾತ್ರ ಗಿಡ್ಡ ಅಂತ ನೀವೇ ಹೇಳಿದ್ದೀರಿ ಅಲ್ವಾ? ಹಾಗಿದ್ದರೆ ಅದು ಗೂಡಿನಿಂದ ಬಿದ್ದದ್ದಲ್ಲ, ತಾನಾಗಿಯೇ ಹೊರಟದ್ದು. ಮೊಟ್ಟೆಯೊಡೆದು ಸುಮಾರು 12 ದಿನಕ್ಕೆ, ಸರಿಯಾಗಿ ಹಾರಲು ಬರುವ ಮೊದಲೇ, ಪಿಕಳಾರದ ಮರಿಗಳು ಗೂಡು ಬಿಡುತ್ತವೆ. ಅಪ್ಪ ಅಮ್ಮ ಪೊದೆಗೇ ಬಂದು ಗುಟುಕು ಕೊಡುತ್ತವೆ. ಹಾಲು ಹಕ್ಕಿಗಳಿಗೆ ಜೀರ್ಣವಾಗುವುದಿಲ್ಲ. ಕೊಕ್ಕಿಗೆ ಹನಿಸಿದರೆ ಉಸಿರಿನ ಕೊಳವೆಗೆ ಇಳಿಯುವ ಅಪಾಯವೂ ಇದೆ. ಇನ್ನೊಮ್ಮೆ ಇಂಥ ಮರಿ ಕಂಡರೆ ಎತ್ತಿ ಹತ್ತಿರದ ಕೊಂಬೆಯ ಮೇಲೆ ಕೂರಿಸಿ. ಬೆಕ್ಕನ್ನು ಒಳಗೆ ಕೂಡಿಹಾಕಿ. ದೂರ ನಿಂತು ನೋಡಿ. ಪುಕ್ಕವೇ ಬಾರದ ಮರಿಯಾದರೆ ಗೂಡಿಗೇ ವಾಪಸ್ ಇಡಿ. ನಾವು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು.

ಇನ್ನು ಹುಳು. ಅದಕ್ಕೆ ಔಷಧಿ ಬೇಡ, ಅದು ಚಿಟ್ಟೆಯ ಮರಿ. ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆಯ ಹಾಗೆ, ಕಂದು ಬಿಳಿ ಬಣ್ಣ, ಮೇಲೊಂದು ಒದ್ದೆ ಹೊಳಪು. ನಾಲ್ಕನೇ ಸಲ ಪೊರೆ ಕಳಚಿದ ಮೇಲೆ ಎಲೆಹಸಿರು. ಆಗ ಹುಲ್ಲುಕಡ್ಡಿಯಿಂದ ಮೆಲ್ಲಗೆ ಸೋಕಿಸಿ. ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಬರುತ್ತದೆ, ಜೊತೆಗೆ ಘಾಟು ವಾಸನೆ. ಇರುವೆಗಳನ್ನು ಓಡಿಸಲು ಅದರ ಉಪಾಯ ಅದು.

ಹೋದ ಮಳೆಗಾಲ ನಮ್ಮ ಕುಂಡದ ಕರಿಬೇವಿನಲ್ಲಿ 7 ಹುಳು ಇದ್ದವು. ದಿನಾ ಬೆಳಿಗ್ಗೆ ಎಣಿಸುತ್ತಿದ್ದೆ. ಐದಾದವು, ಮೂರಾದವು, ಕೊನೆಗೆ ಒಂದೇ ಉಳಿಯಿತು. ಒಂದನ್ನು ಪಿಕಳಾರ ಕಚ್ಚಿಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡೆ. ದೊಡ್ಡವಾದ ಮೇಲೆ ಹಣ್ಣು ಜಾಸ್ತಿ ತಿನ್ನುವ ಹಕ್ಕಿ ಅದು, ಆದರೆ ಮರಿಗಳಿಗೆ ಮೊದಮೊದಲು ಹುಳಹುಪ್ಪಟೆಯೇ ಬೇಕು. ನೀವು ಔಷಧಿ ಹೊಡೆದ ಹುಳು ಹೀಗೆಯೇ ಯಾವುದೋ ಗೂಡು ಸೇರಬಹುದು. ಆ ಸೊಪ್ಪು ನಿಮ್ಮ ಒಗ್ಗರಣೆಗೂ ಬರುತ್ತದೆ. ಗಿಡ ತೀರಾ ಎಳೆಯದಾದರೆ ಒಂದೆರಡು ಹುಳು ಉಳಿಸಿ, ಮಿಕ್ಕವನ್ನು ಪಕ್ಕದ ದೊಡ್ಡ ಕರಿಬೇವಿಗೆ ದಾಟಿಸಿ. ಬೋಳಾದ ಗಿಡ ಮತ್ತೆ ಚಿಗುರುತ್ತದೆ.

ಮಕ್ಕಳಿಗೆ ಒಂದು ನೋಟ್‌ಬುಕ್ ಕೊಡಿ. ಹುಳು ಯಾವತ್ತು ಹಸಿರಾಯಿತು, ಯಾವತ್ತು ಕೋಶ ಕಟ್ಟಿತು, ಚಿಟ್ಟೆ ಎಷ್ಟು ಹೊತ್ತಿಗೆ ಹೊರಬಂತು, ರೆಕ್ಕೆ ಒಣಗಲು ಎಷ್ಟು ಹೊತ್ತು ಹಿಡಿಯಿತು, ಎಲ್ಲ ಬರೆಯಲಿ. ನಮಗೆ ಕಳಿಸಿ, ಅವರ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ.

ಸಂಪಾದಕ