ಶಾಲು, ಹಾರ ತೆಗೆಯಿರಿ, ಆ ಫೋನಿನಿಂದ ಶುರು ಮಾಡಿ

ಆತ್ಮೀಯರೇ, ನಮಸ್ಕಾರ.

ನಿವೃತ್ತ ಪತ್ತೇದಾರ ರಾನ್ ಸ್ಟಾಲ್‌ವರ್ತ್ ಬಗ್ಗೆ ನೀವು ಕಳಿಸಿದ ‘ವರ್ಣಭೇದದ ವಿರುದ್ಧ ಗರ್ಜಿಸಿದ ಸಿಂಹ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಈ ಮನುಷ್ಯನ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಬರಹ ಬರಬೇಕು ಅನ್ನುವ ಆಸೆ ನನಗೂ ಇದೆ.

ನಿಮ್ಮ ಮೊದಲ ಪುಟ ಸನ್ಮಾನ ಸಮಾರಂಭದ ಭಾಷಣದಂತಿದೆ. ‘ಧೀಮಂತ’ ನಾಲ್ಕು ಸಲ ಬಂದಿದೆ, ‘ಅಪ್ರತಿಮ’ ಮೂರು ಸಲ. ಪುಟ ಮುಗಿದರೂ ಅವರು ಮಾಡಿದ್ದೇನು ಅಂತ ಗೊತ್ತಾಗುವುದಿಲ್ಲ. ಹಾರದ ಮೇಲೆ ಹಾರ ಬಿದ್ದು ಮುಖವೇ ಮುಚ್ಚಿಹೋಗಿದೆ.

ಮುಖ ಕಾಣುವುದು ನಿಮ್ಮ ಮೂರನೇ ಪುಟದಲ್ಲಿ. 1978ರ ಅಕ್ಟೋಬರ್, ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರು. ಅಲ್ಲಿನ ಪೊಲೀಸ್ ಇಲಾಖೆಯ ಮೊದಲ ಕಪ್ಪು ಪತ್ತೇದಾರ ಸ್ಟಾಲ್‌ವರ್ತ್ ಪೇಪರ್ ಓದುತ್ತಿದ್ದಾರೆ. ವರ್ಗೀಕೃತ ಜಾಹೀರಾತುಗಳ ನಡುವೆ, ಬಿಳಿಯರೇ ಶ್ರೇಷ್ಠ ಅಂತ ಕಪ್ಪು ಜನರನ್ನು ದ್ವೇಷಿಸುವ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನದೂ ಒಂದು. ತಾನು ಬಿಳಿಯ ಅಂತ ಹೇಳಿಕೊಂಡು, ಸೇರಲು ಆಸೆ ಅಂತ ಪತ್ರ ಬರೆಯುತ್ತಾರೆ. ಕೆಳಗೆ ಮರೆತು ಸ್ವಂತ ಹೆಸರನ್ನೇ ಹಾಕಿಬಿಡುತ್ತಾರೆ! ಕೆಲವು ದಿನಗಳ ನಂತರ ಫೋನ್ ಬರುತ್ತದೆ. ಯಾಕೆ ಸೇರಬೇಕು ಅಂತ ಆ ಕಡೆಯವನು ಕೇಳುತ್ತಾನೆ. ತನ್ನ ಜನರನ್ನೇ ದ್ವೇಷಿಸುವವನಂತೆ ಇವರು ಮಾತಾಡಬೇಕಾಗುತ್ತದೆ. ಬಾಲ್ಯದಿಂದ ತಾನೇ ಕೇಳಿಸಿಕೊಂಡ ಬೈಗುಳಗಳನ್ನು ತನ್ನ ಬಾಯಿಂದಲೇ ಆಡಬೇಕು. ಎಂಥ ಗಳಿಗೆ ಅದು! ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ.

ಕ್ಲಾನ್‌ನ ರಾಷ್ಟ್ರೀಯ ನಾಯಕ ಡೇವಿಡ್ ಡ್ಯೂಕ್ ಜೊತೆ ಅವರು ಹಲವು ಸಲ ಫೋನಿನಲ್ಲಿ ಮಾತಾಡಿದ್ದರು. ಕಪ್ಪು ಜನ ಮಾತಾಡಿದರೆ ಉಚ್ಚಾರಣೆಯಲ್ಲೇ ಗುರುತು ಹಿಡಿಯುತ್ತೇನೆ ಅಂತ ಡ್ಯೂಕ್ ಸ್ಟಾಲ್‌ವರ್ತ್‌ಗೇ ಹೇಳಿದ್ದ. 1979ರ ಜನವರಿಯಲ್ಲಿ ಅದೇ ಡ್ಯೂಕ್ ಊರಿಗೆ ಬಂದಾಗ, ಅವನ ರಕ್ಷಣೆಗೆ ಇಲಾಖೆ ಕಳಿಸಿದ್ದು ಸ್ಟಾಲ್‌ವರ್ತ್ ಅವರನ್ನೇ. ಅವತ್ತು ಅವನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ಅದನ್ನು ಕಿತ್ತುಕೊಳ್ಳಲು ಬಂದ ಡ್ಯೂಕ್‌ಗೆ, ಪೊಲೀಸರ ಮೇಲೆ ಕೈ ಮಾಡಿದರೆ ಜೈಲು ಅಂತ ಎಚ್ಚರಿಸಿದರು. ಇಷ್ಟನ್ನು ಇದ್ದ ಹಾಗೆ ಹೇಳಿದರೆ ‘ಸಿಂಹ’ ಬೇಕೇ ಆಗುವುದಿಲ್ಲ, ಅಲ್ವಾ?

ಇನ್ನೊಂದು ದೊಡ್ಡ ತಪ್ಪಿದೆ. ಅವರ ಕಥೆಯನ್ನು ಆಧರಿಸಿದ 2018ರ ಸಿನಿಮಾ ‘ಬ್ಲ್ಯಾಕ್‌ಕ್ಲಾನ್ಸ್‌ಮನ್’ ಅನ್ನೇ ನೀವು ಚರಿತ್ರೆ ಅಂದುಕೊಂಡಿದ್ದೀರಿ. ಕ್ಲಾನ್ ಸಭೆಗಳಿಗೆ ಸ್ಟಾಲ್‌ವರ್ತ್ ಹೆಸರಿನಲ್ಲಿ ಹೋಗುತ್ತಿದ್ದ ಬಿಳಿಯ ಸಹೋದ್ಯೋಗಿ ಯಹೂದಿ ಅಂತ ಬರೆದಿದ್ದೀರಿ. ಅದು ಸಿನಿಮಾದವರ ಕಲ್ಪನೆ. ಕೊನೆಯಲ್ಲಿ ಸಿಡಿಯುವ ಬಾಂಬೂ ಅವರದ್ದೇ. ಆ ಸಹೋದ್ಯೋಗಿಯ ನಿಜವಾದ ಹೆಸರನ್ನು ಸ್ಟಾಲ್‌ವರ್ತ್ ತಮ್ಮ 2014ರ ಪುಸ್ತಕದಲ್ಲೂ ಬಿಟ್ಟುಕೊಟ್ಟಿಲ್ಲ, ಚಕ್ ಅಂತಷ್ಟೇ ಕರೆದಿದ್ದಾರೆ. ಸಿಕ್ಕಿಬಿದ್ದರೆ ಮೊದಲು ಪೆಟ್ಟು ತಿನ್ನುವವರು ಆ ಚಕ್. ನಿಮ್ಮ ಲೇಖನದಲ್ಲಿ ಅವರಿಗೆ ಅರ್ಧ ಸಾಲೂ ಇಲ್ಲ. ಒಬ್ಬರನ್ನು ಗೌರವಿಸಲು ಪಕ್ಕದವರನ್ನು ಅಳಿಸಬೇಡಿ.

‘ಕ್ಲಾನನ್ನು ನಿರ್ನಾಮ ಮಾಡಿದರು’ ಅನ್ನುವುದನ್ನು ತೆಗೆಯಿರಿ. ಈ ತನಿಖೆಯಿಂದ ಯಾರಿಗೂ ಶಿಕ್ಷೆ ಆಗಲಿಲ್ಲ. ಸ್ಥಳೀಯ ಘಟಕದ ನಾಯಕತ್ವವನ್ನು ‘ಸ್ಟಾಲ್‌ವರ್ತ್’ಗೇ ಕೊಡುವ ಮಾತು ಬಂದಾಗ ಪೊಲೀಸ್ ಮುಖ್ಯಸ್ಥರು ಎಲ್ಲ ನಿಲ್ಲಿಸಿ ಅಂದರು, ಕಡತ ನಾಶಮಾಡಲೂ ಹೇಳಿದರು. ಇವರು ಒಂದಿಷ್ಟು ಕಾಗದವನ್ನು ಮನೆಗೆ ತಂದಿಟ್ಟುಕೊಂಡರು. 2005ರಲ್ಲಿ ಯೂಟಾದಲ್ಲಿ ನಿವೃತ್ತರಾಗಿ, 2006ರಲ್ಲಷ್ಟೇ ಪತ್ರಿಕೆಯೊಂದಕ್ಕೆ ಇದನ್ನು ಹೇಳಿದರು. ಹಾಗಾದರೆ ಸಿಕ್ಕಿದ್ದೇನು? ಸೇನೆಯೊಳಗೂ ಕ್ಲಾನ್ ಸದಸ್ಯರಿದ್ದದ್ದು ಬಯಲಾಯಿತು. ವಾಯುರಕ್ಷಣಾ ಕೇಂದ್ರ ನೋರಾಡ್‌ನಲ್ಲಿದ್ದ ಇಬ್ಬರನ್ನು ಬೇರೆ ಕಡೆಗೆ ಹಾಕಿದರು. ಜನರನ್ನು ಹೆದರಿಸಲು ಕ್ಲಾನ್ ಶಿಲುಬೆ ಸುಡುತ್ತದೆ. ತನಿಖೆ ನಡೆದಷ್ಟು ದಿನ ಊರಿನಲ್ಲಿ ಒಂದೂ ಶಿಲುಬೆ ಉರಿಯಲಿಲ್ಲ ಅನ್ನುವುದೇ ತಮ್ಮ ಗೆಲುವು ಅಂತ ಅವರು ಹೇಳುತ್ತಾರೆ. ನಡೆಯದೇ ಹೋದದ್ದನ್ನು ಬರೆಯುವುದು ಕಷ್ಟ. ಆದರೂ ಪ್ರಯತ್ನಿಸಿ.

ನೀವು ಮುಟ್ಟದೇ ಬಿಟ್ಟ ಒಂದು ವಿಷಯವೂ ಇದೆ. 1975ರಲ್ಲಿ ಇದೇ ಸ್ಟಾಲ್‌ವರ್ತ್ ಅವರನ್ನು ಇಲಾಖೆ ಕಪ್ಪು ನಾಯಕ ಸ್ಟೋಕ್ಲಿ ಕಾರ್ಮೈಕಲ್ ಅವರ ಭಾಷಣಕ್ಕೆ ಗುಟ್ಟಾಗಿ ಕಳಿಸಿತ್ತು. ಹೋರಾಟಗಾರರ ಮೇಲೆ ಕಣ್ಣಿಟ್ಟವರನ್ನು ಹೀರೊ ಮಾಡುವುದು ಸರಿಯೇ ಅಂತ ಬೂಟ್ಸ್ ರೈಲಿ ಅವರಂಥ ಕಪ್ಪು ನಿರ್ದೇಶಕರು 2018ರಲ್ಲಿ ಬಹಿರಂಗವಾಗಿಯೇ ಕೇಳಿದರು. ಇದನ್ನು ಬರೆದರೆ ಗೌರವ ಕಡಿಮೆಯಾಗುತ್ತದೆ ಅಂತ ಹೆದರಬೇಡಿ. ಆ ಸಭೆಯಲ್ಲಿ ಕೂತು, ಕಾರ್ಮೈಕಲ್ ಮಾತಿಗೆ ತಾವೇ ಮನಸೋತಿದ್ದಾಗಿ ಸ್ಟಾಲ್‌ವರ್ತ್ ಒಪ್ಪಿಕೊಂಡಿದ್ದಾರೆ. ಅವರು ಮುಚ್ಚಿಡದ್ದನ್ನು ನಾವು ಯಾಕೆ ಮುಚ್ಚಿಡಬೇಕು?

ಇನ್ನು ‘ನೀಗ್ರೋ’, ‘ಕರಿಯ’ ಪದಗಳು. ನಮ್ಮ ಹಳೆಯ ಪುಸ್ತಕಗಳಲ್ಲಿ ಇವೆ, ನಿಜ. ಆದರೆ ಅವು ಚುಚ್ಚುತ್ತವೆ. ‘ಕಪ್ಪು ಅಮೆರಿಕನ್ನರು’ ಸಾಕು.

ನಿಮ್ಮ ವಾಕ್ಯಗಳು ಸರಾಗವಾಗಿವೆ, ಓದಿಸಿಕೊಂಡು ಹೋಗುತ್ತವೆ. ಅದಕ್ಕೇ ಇಷ್ಟು ಉದ್ದ ಬರೆದೆ. ಮೊದಲ ಎರಡು ಪುಟ ಪೂರ್ತಿ ಬಿಡಿ, ಚಕ್ ಅವರನ್ನು ಒಳಗೆ ಕರೆತನ್ನಿ, 1,200 ಪದ ದಾಟಿಸಬೇಡಿ. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ನಾನೇ ಓದುತ್ತೇನೆ.