ಕ್ಯಾಸೆಟ್ ಫೋರ್‌ಟ್ರ್ಯಾಕ್ ಬೇಕಾ, ಕಂಪ್ಯೂಟರ್ ಸಾಕಾ?

ಕಂಪ್ಯೂಟರಿನಲ್ಲಿ ಮಾಡಿದ ರೆಕಾರ್ಡಿಂಗ್ ಕಿವಿಗೆ ಚುಚ್ಚುತ್ತದೆ, ಹಳೆಯ ಫೋರ್‌ಟ್ರ್ಯಾಕ್ ಕ್ಯಾಸೆಟ್ ರೆಕಾರ್ಡರ್ (ಒಂದೇ ಕ್ಯಾಸೆಟ್ಟಿನಲ್ಲಿ ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಹಿಡಿಯುವ ಯಂತ್ರ) ಕೊಂಡರೆ ಸರಿಹೋಗುತ್ತದೆಯೇ ಅಂತ ಕೇಳಿದ್ದೀರಿ. ಸ್ಪಷ್ಟತೆ ಮಾತ್ರ ನೋಡಿದರೆ ಇಲ್ಲ. ಮಾಮೂಲಿ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂ.ಮೀ. ಮಾತ್ರ ಓಡುತ್ತದೆ, ನಿಧಾನವಾದಷ್ಟೂ ಸ್ಪಷ್ಟತೆ ಕಡಿಮೆ. ನಾಯ್ಸ್ ರಿಡಕ್ಷನ್ (ಸದ್ದು ತಗ್ಗಿಸುವ ವ್ಯವಸ್ಥೆ) ಇಲ್ಲದಿದ್ದರೆ ದನಿಗೂ ಟೇಪಿನದೇ 'ಹಿಸ್' ಸದ್ದಿಗೂ ನಡುವೆ ಸಿಗುವ ಅಂತರ ಸುಮಾರು 50 ಡೆಸಿಬಲ್. 16 ಬಿಟ್ ಡಿಜಿಟಲ್‌ನಲ್ಲಿ ಅದು ಸುಮಾರು 96 (ಬಿಟ್ ಹೆಚ್ಚಿದಷ್ಟೂ ಈ ಅಂತರ ಹೆಚ್ಚು). ಪೈಪೋಟಿಯೇ ಅಲ್ಲ.

ಟೇಪಿನ ಮಜಾ ಬೇರೆ ಕಡೆ ಇದೆ. ರೆಕಾರ್ಡಿಂಗ್ ಲೆವೆಲ್ ಸ್ವಲ್ಪ ಜಾಸ್ತಿಯಾದರೂ ದನಿ ತಟ್ಟನೆ ಒಡೆಯುವುದಿಲ್ಲ. ಮೊನಚು ಮೆಲ್ಲಗೆ ಸವೆಯುತ್ತದೆ, ಹೊಸ ಹಾರ್ಮಾನಿಕ್‌ಗಳು (ಮೂಲ ಸ್ವರದ ಮೇಲಿನ ಉಪಸ್ವರಗಳು) ಸೇರಿಕೊಳ್ಳುತ್ತವೆ, ಡ್ರಮ್ ಪೆಟ್ಟು ದಪ್ಪಗೆ ಕೇಳಿಸುತ್ತದೆ. ಇದನ್ನೇ ಜನ ವಾರ್ಮ್ ಅನ್ನುವುದು. ನಿಜ ಹೇಳಬೇಕೆಂದರೆ ಅದೂ ಡಿಸ್ಟಾರ್ಷನ್ನೇ, ಅಂದರೆ ದನಿ ಕೆಡುವುದೇ, ಕಿವಿಗೆ ಹಿತ ಅಷ್ಟೇ. ಡಿಜಿಟಲ್ ಹಾಗಲ್ಲ. ಮೀಟರ್ 0 ದಾಟಿತೋ, ದನಿಯ ತುದಿ ಕತ್ತರಿಸಿಹೋಗಿ ಕರಕರ ಅನ್ನುತ್ತದೆ. ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಇರುವುದು ಇದರ ಮೇಲೇ. ಟೇಪ್ ಕಾಲದ ಹಾಗೆ ಸುಮ್ನೆ ಕೆಂಪಿನವರೆಗೆ ತಳ್ಳಬೇಡಿ. 24 ಬಿಟ್ ಇಡಿ, ಗಟ್ಟಿಯಾಗಿ ಹಾಡುವಾಗಲೂ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ.

ಆಮೇಲೂ ಟೇಪೇ ಬೇಕು ಅನಿಸಿದರೆ, ಹೆಡ್ (ಟೇಪಿಗೆ ತಾಗಿ ದನಿ ಬರೆಯುವ, ಓದುವ ಭಾಗ) ಸವೆದಿದೆಯಾ, ಟೇಪು ಓಡಿಸುವ ಬೆಲ್ಟ್ ಸಡಿಲವಾಗಿದೆಯಾ ನೋಡಿಯೇ ಕೊಳ್ಳಿ. ಬೆಲ್ಟ್ ಹೋಗಿದ್ದರೆ ಶ್ರುತಿ ಅಲುಗಾಡುತ್ತದೆ.