ಪ್ರತಿಕ್ರಿಯೆ: ಫ್ರೆಂಚ್ ಬೆಟಾಲಿಯನ್‌ಗೆ ಎಷ್ಟು ಗೊಂಬೆ?

ನೆಪೋಲಿಯನ್‌ನ 1808ರ ಆದೇಶದಲ್ಲಿ ಒಂದು ಫ್ರೆಂಚ್ ಬೆಟಾಲಿಯನ್‌ಗೆ (ಕಾಲಾಳು ದಳಕ್ಕೆ) 840 ಜನ ಅಂತ ಇದೆ, ಹಾಗಾದ್ರೆ 20 ಸೈನಿಕರಿಗೆ ಒಂದು ಪುಟ್ಟ ಸೈನಿಕ ಗೊಂಬೆಯಂತೆ, 1815ರ ವಾಟರ್ಲೂ ಕದನವನ್ನು ಮೇಜಿನ ಮೇಲೆ ಆಡುವ ಆಟಕ್ಕೆ 42 ಗೊಂಬೆ ಬೇಕಾ ಅಂತ ಕೇಳಿದ್ದೀರಿ. ಬೇಡ.

ಅದು ಬರೀ ಕಾಗದದ ಲೆಕ್ಕ: ತಲಾ 140 ಜನರ 6 ಕಂಪನಿ (ಬೆಟಾಲಿಯನ್‌ನೊಳಗಿನ ತುಕಡಿ). ಕಾಯಿಲೆ ಬಿದ್ದವರು, ಗಾಯಗೊಂಡವರು, ಹಿಂದೆ ಉಳಿದವರನ್ನೆಲ್ಲ ಕಳೆದರೆ ವಾಟರ್ಲೂನಲ್ಲಿ ಒಂದು ಬೆಟಾಲಿಯನ್‌ನಲ್ಲಿ ಸುಮಾರು 500 ಜನ ಇದ್ದರು. 24 ಗೊಂಬೆ ಸಾಕು. ಕಂಪನಿಗೆ ನಾಲ್ಕರಂತೆ ಸರಿಯಾಗಿ ಕೂರುತ್ತದೆ. ಬಲತುದಿಗೆ ಗ್ರೆನೇಡಿಯರ್ (ಆಯ್ದ ಸೈನಿಕರು), ಎಡತುದಿಗೆ ವೋಲ್ಟಿಜರ್ (ಮುಂದೆ ಚದುರಿ ಹೋರಾಡುವ ಹಗುರ ಸೈನಿಕರು), ನಡುವೆ ಫ್ಯೂಸಿಲಿಯರ್‌ಗಳ (ಸಾಮಾನ್ಯ ಕಾಲಾಳುಗಳ) ನಾಲ್ಕು ಕಂಪನಿ. ಬಣ್ಣ ಹಚ್ಚುವ ಕೆಲಸವೂ ಕಮ್ಮಿ ಆಯ್ತು, ಅಲ್ವಾ?

ನನ್ನ ಕೇಳಿದ್ರೆ, ಗೊಂಬೆ ಎಣಿಕೆಗಿಂತ ಸಾಲಿನ ಅಗಲ ಮುಖ್ಯ. ಫ್ರೆಂಚರು ಮೂರು ಸಾಲಲ್ಲಿ ನಿಲ್ಲುತ್ತಿದ್ದರು. 24 ಗೊಂಬೆಯ ಲೆಕ್ಕದ 480 ಜನ ಅಂದರೆ ಒಂದು ಸಾಲಿಗೆ 160. ಬ್ರಿಟಿಷರು ಎರಡೇ ಸಾಲು, ಅಂದರೆ 240. ಅಷ್ಟೇ ಜನ, ಒಂದೂವರೆ ಪಟ್ಟು ಉದ್ದದ ಸಾಲು, ಜಾಸ್ತಿ ಬಂದೂಕು ಎದುರಿಗೆ. ಎರಡೂ ಕಡೆಗೆ ಒಂದೇ ಅಗಲದ ಬೇಸ್ (ಗೊಂಬೆ ನಿಲ್ಲಿಸುವ ಅಡಿಹಲಗೆ) ಹಾಕಿದರೆ ಈ ವ್ಯತ್ಯಾಸವೇ ಮಾಯ.

ಯಾವುದೇ ದಳಕ್ಕೂ ಯುದ್ಧದ ಹಿಂದುಮುಂದಿನ ದಿನಗಳ ಹಾಜರಿ ಪಟ್ಟಿ ಹುಡುಕಿ. ಅದರಲ್ಲೂ ಒಟ್ಟು ಸಂಖ್ಯೆ ಬಿಟ್ಟು, ಆಯುಧ ಹಿಡಿದು ನಿಂತವರ ಸಂಖ್ಯೆ ಮಾತ್ರ ತಗೊಳ್ಳಿ.